ಟ್ಯಾನ್ಸಿ ಕೌಂಟಿಯ ಎರಡನೆಯ ಸಂಬಳ

ಫೆಬ್ರವರಿ 9

ಡಾಕ್ಟರು ನನ್ನ ರಕ್ತದೊತ್ತಡ ನೋಡಿ ಯಂತ್ರವನ್ನು ಎರಡು ಸಲ ಅಲ್ಲಾಡಿಸಿದರು. ಆಮೇಲೆ, "ಆರ್ಡಿತ್, ಯಾರನ್ನಾದ್ರೂ ಬೈಬೇಕು ಅನ್ನಿಸಿದ್ರೆ ಬಾಯಲ್ಲಿ ಬೈಬೇಡಿ, ಮನೆಗೆ ಹೋಗಿ ಬರೀರಿ" ಅಂದರು. ಅದಕ್ಕೇ ಈ ನೋಟ್‌ಬುಕ್ಕು. ಮೊದಲ ಪೂಜೆ ಡಾಕ್ಟರಿಗೇ ಸಲ್ಲಲಿ, ನನ್ನ ಕಾಫಿ ಬಿಡಿಸಿದ್ದಾರೆ.

ಎರಡನೆಯದು ಮೆರ್ಲ್ ಓಸ್ಟ್‌ಬಿಗೆ. ಕೌಂಟಿಯ ದುಡ್ಡುಕಾಸು ನೋಡಿಕೊಳ್ಳುವ ಮೂವರು ಕಮಿಷನರುಗಳಲ್ಲಿ ಹಿರಿಯ, ಗೋಧಿ ಬೆಳೆಯುವವನು, ಒಂದು ಡಾಲರ್ ಕೊಡಬೇಕಾದರೂ ಎರಡು ಕಡೆ ತಿರುಗಿಸಿ ನೋಡುವವನು. ಇವತ್ತಿನ ಸಭೆಯಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದ: ಪೆಟ್ರೋಲು ಏರಿದೆ, ಟೈರು ಏರಿದೆ, ವಿಮೆ ಏರಿದೆ, ನಮ್ಮ ಕೈದಿಗಳನ್ನು ಇಟ್ಟುಕೊಳ್ಳಲು ಪಕ್ಕದ ಕೌಂಟಿಯ ಜೈಲಿನವರು ದಿನಕ್ಕೆ ಕೇಳುವ ಬಾಡಿಗೆ ದುಪ್ಪಟ್ಟಾಗಿದೆ. ಆ ದುಡ್ಡಿಗೆ ಕೈದಿಗೆ ಸಮುದ್ರ ಕಾಣುವ ಕೋಣೆ ಸಿಗಬೇಕು. ಒಟ್ಟು ಸಾರಾಂಶ, ಜುಲೈ ಒಂದರಿಂದ ಷೆರೀಫ್ ಕಚೇರಿಯಲ್ಲಿ ಒಬ್ಬರ ಸಂಬಳಕ್ಕೆ ಮಾತ್ರ ದುಡ್ಡಿದೆ.

ಕಚೇರಿಯಲ್ಲಿ ನಾವಿರುವುದೇ ಮೂವರು. ಷೆರೀಫ್ ನಾನು, ಡೆಪ್ಯುಟಿ ನೆಲ್ಸ್ ಕ್ವಾಮ್, ರೇಡಿಯೊ ಮುಂದೆ ಕೂರುವ ವಾಂಡಾ. ವಾಂಡಾಳ ಸಂಬಳ ಫೋನ್ ಬಿಲ್ಲಿನ ಮೇಲಿನ ಸುಂಕದಿಂದ ಬರುತ್ತದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಷೆರೀಫ್ ಇರಲೇಬೇಕೆಂದು ಕಾನೂನಿದೆ. ಉಳಿದವನು ನೆಲ್ಸ್.

"ಜೂನ್ ಮೂರಕ್ಕೆ ಜನರ ಮುಂದೆ ಓಟಿಗಿಡೋಣ. ಓಟಿನ ಕಾಗದ ಮನೆಮನೆಗೆ ಕಳಿಸ್ತೀವಿ, ತುಂಬಿ ಅಂಚೇಲಿ ವಾಪಸ್ ಹಾಕ್ಲಿ. ವರ್ಷಕ್ಕೆ ಮನೆಗೆ ಮೂವತ್ತೆಂಟು ಡಾಲರ್ ಹೆಚ್ಚು ತೆರಿಗೆ. ಒಪ್ಪಿದ್ರೆ ಡೆಪ್ಯುಟಿ ಉಳೀತಾನೆ. ಜನರನ್ನ ಒಪ್ಪಿಸೋ ಕೆಲಸ ನಿಮ್ದು" ಅಂದ ಮೆರ್ಲ್.

ಇಪ್ಪತ್ತೆರಡು ವರ್ಷದಿಂದ ಷೆರೀಫ್ ಆಗಿದ್ದೇನೆ. ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ಐದು ಚುನಾವಣೆಯಲ್ಲಿ ಎದುರಾಳಿಯೇ ಇರಲಿಲ್ಲ, ಆರನೆಯದರಲ್ಲಿ ಇದ್ದವನು ಮತದಾನಕ್ಕೆ ಮುಂಚೆ ಊರು ಬಿಟ್ಟ.

ಫೆಬ್ರವರಿ 12

ನೆಲ್ಸ್‌ಗೆ ಹೇಳಿದೆ. ಅವನು ಕಾರಿನ ಚಕ್ರಕ್ಕೆ ಮೆತ್ತಿದ ಕೆಸರು ಕೆರೆಯುತ್ತಿದ್ದ. ಕೇಳಿಸಿಕೊಂಡ, ಇನ್ನಷ್ಟು ಕೆರೆದ, ಆಮೇಲೆ "ಸರಿ" ಅಂದ.

"ಸರಿ ಅಂದ್ರೇನೋ? ನಿನ್ನ ಹೆಂಡ್ತಿ ಕಾರ್ಲಾ ಮೂರನೇ ಮಗುವಿಗೆ ಬಸುರಿ!"

"ಎಣ್ಣೆ ಬಾವಿ ಕಡೆ ಕೆಲಸ ಇದೆಯಂತೆ. ಮೂರು ವಾರ ಅಲ್ಲಿ, ಒಂದು ವಾರ ಮನೇಲಿ."

"ಮಗು ನಿನ್ನ ಮುಖ ಮರೆತುಬಿಡುತ್ತೆ."

"ಮೀಸೆ ತೆಗೆಯಲ್ಲ. ಗುರುತು ಸಿಗುತ್ತೆ."

ನಿಧಾನವೇ ಪ್ರಧಾನ ಅನ್ನುವ ಜಾತಿ ಇವನದು. ಇಬ್ಬರ ಬೇಲಿ ಜಗಳ ಬಿಡಿಸಲು ನನಗೆ ಹತ್ತು ನಿಮಿಷ ಸಾಕು, ಇವನಿಗೆ ಮೂರು ಗಂಟೆ. ಕೂತು ಅವರ ಕರುಗಳ ವಿಚಾರವೆಲ್ಲ ಕೇಳಿ, ಮೂರು ಲೋಟ ಕಾಫಿ ಕುಡಿದು ಬರುತ್ತಾನೆ. ಆದರೂ ಇವನಿಲ್ಲದೆ ಇಷ್ಟು ದೊಡ್ಡ ಕೌಂಟಿಯನ್ನು ನಾನೊಬ್ಬಳೇ ಹೇಗೆ ನೋಡಿಕೊಳ್ಳಲಿ? ಒಂದು ತುದಿಯಲ್ಲಿ ಟ್ರಕ್ಕು ಮಗುಚಿದರೆ ಇನ್ನೊಂದು ತುದಿಯಿಂದ ಹೋಗಲು ನನಗೆ ಒಂದೂವರೆ ಗಂಟೆ ಬೇಕು. ಇವನು ಉಳಿಯಲೇಬೇಕು. ಉಳಿಸುತ್ತೇನೆ.

ಫೆಬ್ರವರಿ 27

ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಊಟ. ಆಲೂಗಡ್ಡೆ, ಬೀನ್ಸು, ಹಸಿರು ಜೆಲ್ಲಿಯೊಳಗೆ ಕ್ಯಾರೆಟ್ಟು. ಯಾರು ಮೊದಲು ಆ ಜೆಲ್ಲಿಗೆ ಕ್ಯಾರೆಟ್ ಹಾಕಿದರೋ ಅವರನ್ನು ಬಂಧಿಸುವ ಅಧಿಕಾರ ನನಗಿಲ್ಲ. ಊಟ ಮುಗಿದ ಮೇಲೆ ಎದ್ದು ನಿಂತು ಐದು ನಿಮಿಷ ಮಾತಾಡಿದೆ. ಚಪ್ಪಾಳೆ ಬಂತು. ಆಮೇಲೆ ಒಬ್ಬರಾದ ಮೇಲೊಬ್ಬರು ಹತ್ತಿರ ಬಂದು, "ಓಟು ಹಾಕ್ತೀನಿ ಆರ್ಡಿತ್, ಆದ್ರೆ ಹೋದ ತಿಂಗಳು ಆ ನೆಲ್ಸ್ ನನಗೊಂದು ದಂಡದ ಚೀಟಿ ಕೊಟ್ಟಿದ್ದಾನೆ" ಅಂದರು. ನಾಲ್ಕು ಜನ. ನಾಲ್ವರೂ ಹಣ್ಣು ತುಂಬಿ ಬೇಯಿಸಿದ ಪೈ ತಿನ್ನುತ್ತಲೇ ಹೇಳಿದರು.

ಈ ವಿಚಾರ ಯೋಚಿಸಬೇಕು.

ಮಾರ್ಚ್ 14

ಯೋಚಿಸಿದೆ. ಜೂನ್‌ವರೆಗೆ ವೇಗಕ್ಕೆ, ಒಡೆದ ದೀಪಕ್ಕೆ ಚೀಟಿ ಬೇಡ, ಬರೀ ಬುದ್ಧಿಮಾತು ಸಾಕು. ಇದರಲ್ಲಿ ತಪ್ಪೇನಿಲ್ಲ, ಬುದ್ಧಿಮಾತು ಹೇಳಲು ಕಾನೂನಿನಲ್ಲೇ ಅವಕಾಶವಿದೆ. ಇವತ್ತು ಮೂವರನ್ನು ಹಿಡಿದೆ, ಮೂವರಿಗೂ ನಕ್ಕು, ಕುಟುಂಬದ ಕ್ಷೇಮ ವಿಚಾರಿಸಿ, "ಜೂನ್ ಮೂರು ನೆನಪಿರಲಿ" ಎಂದು ಕಳಿಸಿದೆ. ಒಬ್ಬಾತ ಎಷ್ಟು ಖುಷಿಪಟ್ಟನೆಂದರೆ ನನ್ನ ಕಣ್ಣೆದುರೇ ಮತ್ತೆ ಎಂಬತ್ತು ಮೈಲಿ ವೇಗದಲ್ಲಿ ಹೋದ.

ಅತ್ತ ನೆಲ್ಸ್ ಏನು ಮಾಡಿದ? ಮೆರ್ಲ್‌ನ ಹೆಂಡತಿಗೆ ಚೀಟಿ ಬರೆದ! ಕಮಿಷನರನ ಹೆಂಡತಿ!

"ಸ್ಟಾಪ್ ಬೋರ್ಡ್ ಹತ್ರ ನಿಲ್ಲಿಸಲಿಲ್ಲ" ಅಂದ.

"ನಿಧಾನ ಮಾಡಿದ್ಲಲ್ಲ?"

"ನಿಧಾನ ಮಾಡಿ ಅಂತ ಬೋರ್ಡಲ್ಲಿ ಬರೆದಿಲ್ಲ."

ಡಾಕ್ಟರ ಮಾತು ನೆನಪಿಸಿಕೊಂಡು ಬಾಯಿ ಮುಚ್ಚಿಕೊಂಡೆ. ಇಲ್ಲಿ ಬರೆಯುತ್ತಿದ್ದೇನೆ: ಪೆದ್ದ. ಶುದ್ಧ ಪೆದ್ದ.

ಏಪ್ರಿಲ್ 2

ಇಲ್ಲಿಯವರೆಗೆ ನನ್ನವು ಹನ್ನೊಂದು ಬುದ್ಧಿಮಾತು. ನೆಲ್ಸ್‌ನವು ಏಳು ಚೀಟಿ. ಅವನ ಕೆಲಸ ಉಳಿಸಲು ನಾನು ಒಂದು ಕಡೆ ನೇಯುತ್ತಿದ್ದರೆ ಅವನು ಇನ್ನೊಂದು ಕಡೆ ಬಿಚ್ಚುತ್ತಿದ್ದಾನೆ.

ಏಪ್ರಿಲ್ 19

ಇವತ್ತು ಕಾಫಿ ಕುಡಿದೆ. ಕಾರಣ, ಹಬ್ಬ. ಗೇಲನ್ ಬ್ರೂಯರ್ ನಮ್ಮ ಕಡೆ ಬಂದ! ಹೆದ್ದಾರಿಯ ಎಡಕ್ಕೂ ಬಲಕ್ಕೂ ಕಣ್ಣು ಹಾಯುವಷ್ಟು ದೂರ ಅವನದೇ ಹುಲ್ಲುಗಾವಲು, ಅವನದೇ ದನ. ಮಕ್ಕಳು, ಸೊಸೆಯಂದಿರು, ಆಳುಗಳು, ಅವರ ಹೆಂಡಿರು ಎಲ್ಲ ಸೇರಿ ನಲವತ್ತು ಓಟು. ತೆರಿಗೆ ಎಂಬ ಮಾತು ಕೇಳಿದರೆ ಉರಿದುಬೀಳುವವನು, ಈಗ ತಾನಾಗಿಯೇ ಹನ್ನೊಂದು 'ಹೌದು' ಬೋರ್ಡುಗಳನ್ನು ಬೇಲಿಗೆ ಕಟ್ಟಿಸಿದ್ದಾನೆ. ಕಳೆದ ತಿಂಗಳು ಅವನ ಮಗನಿಗೆ ನಾನೊಂದು ಸಣ್ಣ ಬುದ್ಧಿಮಾತು ಹೇಳಿ ಬಿಟ್ಟದ್ದು ಅವನ ಮನಸ್ಸಿಗೆ ಹಿಡಿಸಿದೆಯಂತೆ.

"ನಿನ್ನಂಥ ತಿಳಿದೋರು ಇದ್ರೆ ದುಡ್ಡು ಕೊಡೋಕೆ ಬೇಜಾರಿಲ್ಲ ಆರ್ಡಿತ್" ಅಂದ.

ವಾಂಡಾ ಮಾತ್ರ ರೇಡಿಯೊ ಮುಂದೆ ಕೂತು ಏನೋ ಗೊಣಗಿದಳು. ಏನೇ ಅಂದೆ. "ಏನಿಲ್ಲ ಕಣೇ, ಮೊದಲೆಲ್ಲ ನಿನ್ನ ಕಾರು ಕಂಡ್ರೆ ಜನ ನಿಧಾನ ಹೋಗ್ತಿದ್ರು, ಈಗ ಕೈ ಬೀಸ್ತಾರೆ" ಅಂದಳು. ಹೊಟ್ಟೆಕಿಚ್ಚಿನವಳು.

ಮೇ 10

ಗೇಲನ್ ಮನೆಯಲ್ಲಿ ಕರುಗಳಿಗೆ ಗುರುತಿನ ಬರೆ ಹಾಕುವ ದಿನ. ಅರ್ಧ ಕೌಂಟಿ ಅಲ್ಲಿತ್ತು. ಅರವತ್ತೊಂದರ ವಯಸ್ಸಿನಲ್ಲಿ ಕರುವಿನ ಹಿಂಗಾಲು ಹಿಡಿದು ಕೂತೆ, ಓಟಿಗಾಗಿ. ಇಪ್ಪತ್ತಾರು ಕರು. ಅದರಲ್ಲಿ ಇಪ್ಪತ್ತು ನನ್ನನ್ನು ಒದ್ದವು. ನೆಲ್ಸ್ ಕೂಡ ಬಂದಿದ್ದ, ಬೆಳಗಿನಿಂದ ಸಂಜೆವರೆಗೆ ದುಡಿದ, ತೆರಿಗೆಯ ಬಗ್ಗೆ ಒಂದೇ ಒಂದು ಮಾತು ಆಡಲಿಲ್ಲ. ಕೇಳಿದ್ದಕ್ಕೆ, "ಕರು ಹಿಡಿಯೋಕೆ ಕರೆದಿದ್ರು" ಅಂದ.

ಸೊಂಟ ನೋಯುತ್ತಿದೆ. ಎಣಿಸಿ ನೋಡಿದರೆ ನಾವು ಗೆಲ್ಲುತ್ತೇವೆ.

ಮೇ 17

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಮೂರೂಕಾಲಿಗೆ ನೆಲ್ಸ್ ಗೇಲನ್ ಬ್ರೂಯರ್‌ಗೆ ಚೀಟಿ ಬರೆದ. ಸುದ್ದಿ ತಿಳಿದ ತಕ್ಷಣ ಅವನನ್ನು ಧಾನ್ಯದ ಗೋದಾಮಿನ ಹಿಂದೆ ಕರೆಸಿ ನನ್ನ ಕಾರಿನಲ್ಲಿ ಕೂರಿಸಿಕೊಂಡೆ. ನಡುವಿನ ಸೀಟಿನ ಮೇಲೆ ಚರ್ಚಿನವರು ಕೊಟ್ಟ ಸೇಬಿನ ಪೈ ಇತ್ತು.

"ನೆಲ್ಸ್, ಆ ಚೀಟಿ ಹರಿದು ಹಾಕು."

"ಶಾಲೆ ಮುಂದೆ, ಆರ್ಡಿತ್. ಇಪ್ಪತ್ತೈದು ಮೈಲಿ ಮಿತಿಯ ಜಾಗ. ಐವತ್ತೆಂಟರಲ್ಲಿ ಬಂದ. ಮಕ್ಕಳನ್ನ ಬಿಡೋ ಹೊತ್ತು."

"ಯಾರಿಗಾದ್ರೂ ತಗುಲಿತಾ?"

"ಇಲ್ಲ."

"ಮತ್ತೆ?"

"ತಗುಲಿದ್ರೆ ಚೀಟಿ ಸಾಕಾಗ್ತಿರಲಿಲ್ಲ."

ನನಗೆ ರೇಗಿತು. "ಅವನ ಬೇಲಿ ಮೇಲೆ ನಮ್ಮ ಹನ್ನೊಂದು ಬೋರ್ಡಿದೆ. ಅವನ ಹಿಂದೆ ನಲವತ್ತು ಓಟಿದೆ. ಮೂರು ತಿಂಗಳಿಂದ ಯಾರ್ಯಾರಿಗೋ ಹಲ್ಲು ಗಿಂಜಿ, ಹಸಿರು ಜೆಲ್ಲಿ ತಿಂದು, ಕರು ಕೈಲಿ ಒದೆಸಿಕೊಂಡು ಸಾಯ್ತಿದ್ದೀನಿ. ಯಾರಿಗೋಸ್ಕರ? ಇದು ನಿನ್ನ ಸಂಬಳದ ಓಟು ಕಣೋ ಪೆದ್ದ! ಬೇರೆ ಯಾರದ್ದೂ ಅಲ್ಲ, ನಿನ್ನ ಹೊಟ್ಟೆಪಾಡಿನ ಓಟು!"

ನೆಲ್ಸ್ ಎಂದಿನಂತೆ ಯೋಚಿಸಿದ. ಆಮೇಲೆ ಚೀಟಿಯ ನಕಲನ್ನು ಜೇಬಿನಿಂದ ತೆಗೆದು ಪೈ ಮೇಲಿಟ್ಟ. "ನೀವು ಷೆರೀಫ್. ಹರೀಬೇಕು ಅಂದ್ರೆ ನೀವು ಹರೀರಿ. ನನ್ನ ಕೈಲಾಗಲ್ಲ" ಎಂದು ಇಳಿದು ಹೋದ.

ಹರಿಯಬೇಕೆಂದೇ ಕೈಗೆತ್ತಿಕೊಂಡೆ. ಹರಿಯಲಾಗಲಿಲ್ಲ. ಕಾಗದ ದಪ್ಪ ಇತ್ತು ಅಂದುಕೊಳ್ಳೋಣ.

ಕಚೇರಿಗೆ ಬಂದರೆ ವಾಂಡಾ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. "ಆರ್ಡಿತ್, ಮೈಕ್ ಎಲ್ಲಿದೆ ನೋಡೇ ಮೊದಲು."

ಕಾರಿಗೆ ಓಡಿ ನೋಡಿದೆ. ರೇಡಿಯೊ ಮೈಕು ಪೈ ತಟ್ಟೆಯ ಕೆಳಗಿತ್ತು. ಗುಂಡಿ ಒತ್ತಿಕೊಂಡೇ ಇತ್ತು. ಗುಂಡಿ ಒತ್ತಿದ್ದಾಗ ನಮ್ಮ ಮಾತು ಹೊರಗೆ ಹೋಗುತ್ತದೆ, ಹೊರಗಿನ ಮಾತು ಒಳಗೆ ಬರುವುದಿಲ್ಲ. ವಾಂಡಾ ಎಷ್ಟು ಕಿರುಚಿಕೊಂಡರೂ ನನಗೆ ಕೇಳಿಸಿಲ್ಲ. ಈ ಕೌಂಟಿಯಲ್ಲಿ ಪ್ರತಿ ಅಡುಗೆಮನೆಯ ಫ್ರಿಜ್ಜಿನ ಮೇಲೂ ಷೆರೀಫ್ ಕಚೇರಿಯ ಮಾತು ಹಿಡಿಯುವ ಸ್ಕ್ಯಾನರ್ ಪೆಟ್ಟಿಗೆ ಇದೆ. ನಮ್ಮ ರೇಡಿಯೊ ಹಚ್ಚಿಟ್ಟುಕೊಂಡೇ ಜನ ಪಾತ್ರೆ ತೊಳೆಯುವುದು, ಕಾಳು ಬಿಡಿಸುವುದು. ಒಂದು ಅಕ್ಷರ ಬಿಡದೆ ಎಲ್ಲರೂ ಕೇಳಿದ್ದಾರೆ.

ಮೇ 18

ಕೆಫೆಗೆ ಹೋದೆ. ಹೋಗದಿದ್ದರೆ ಅಡಗಿಕೊಂಡಳು ಅಂದಾರು. ಮೂಲೆಯ ಮೇಜಿನಿಂದ ಯಾರೋ, "ಪೈ ಹೇಗಿತ್ತು ಆರ್ಡಿತ್?" ಅಂದರು. ಬಡಿಸುವ ಹುಡುಗಿ ಬಿಲ್ಲು ತಂದು ಮುಂದಿಟ್ಟು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ, "ಹರಿದು ಹಾಕ್ಲಾ?" ಅಂದಳು.

ಇಡೀ ಕೆಫೆ ನಕ್ಕಿತು. ನಾನೂ ನಕ್ಕೆ. ಕಾರಿಗೆ ಬಂದು ಕೂತ ಮೇಲೆ ನಾಚಿಕೆಯಾಯಿತು. ಅದು ಜನ ಕೇಳಿಸಿಕೊಂಡರಲ್ಲ ಎಂಬ ನಾಚಿಕೆಯೋ, ನಾನು ಹಾಗೆ ಹೇಳಿದೆನಲ್ಲ ಎಂಬ ನಾಚಿಕೆಯೋ ಗೊತ್ತಾಗಲಿಲ್ಲ.

ಮೇ 19

ಗೇಲನ್ ಫೋನು. "ದಂಡ ಬಿಸಾಕ್ತೀನಿ, ಅದು ದೊಡ್ಡದಲ್ಲ. ಆದ್ರೆ ನನ್ನ ಹೆಂಡತೀನೂ ಕೇಳಿಸ್ಕೊಂಡ್ಲು. ಮೊಮ್ಮಕ್ಕಳು ಅದೇ ಶಾಲೆಗೆ ಹೋಗೋದು. ಈಗ ನನ್ನ ಟ್ರಕ್ಕಿನ ಕೀ ಅವಳ ಹತ್ರ ಇದೆ. ಅರವತ್ತೆಂಟು ವರ್ಷದವನಿಗೆ ಹೆಂಡತಿ ಡ್ರೈವರ್!" ಎಂದು ಕೂಗಾಡಿದ. ಸಂಜೆ ಹೊತ್ತಿಗೆ ಹನ್ನೊಂದು ಬೋರ್ಡೂ ಇರಲಿಲ್ಲ.

ಮೇ 26

ಚರ್ಚಿನ ನೆಲಮಾಳಿಗೆಯಲ್ಲಿ ಮತ್ತೆ ಎದ್ದು ನಿಂತೆ. "ನಾನು ತಪ್ಪು ಮಾಡಿದೆ. ನೆಲ್ಸ್ ಮಾಡಲಿಲ್ಲ. ಚೀಟಿ ಹರಿದಿಲ್ಲ, ಕೋರ್ಟಿಗೆ ಹೋಗಿದೆ" ಎಂದು ಹೇಳಿ ಕೂತೆ. ಚಪ್ಪಾಳೆ ಇಲ್ಲ. ಯಾರೋ ಜೆಲ್ಲಿ ದಾಟಿಸಿದರು, ತಿಂದೆ.

ಇವತ್ತು ನಾಲ್ಕು ಚೀಟಿ ಬರೆದೆ. ಒಂದು ನನ್ನ ಅತ್ತಿಗೆಗೆ. ಆಮೇಲೆ ಪಶ್ಚಿಮದ ಕಡೆ ಒಂದು ಬೇಲಿ ಜಗಳ. ಇಬ್ಬರ ಮಾತೂ ಪೂರ್ತಿ ಕೇಳದೆ ಬಿಡಿಸುವಂತಿರಲಿಲ್ಲ, ಅದೊಂದು ವಿಚಿತ್ರ ಪ್ರಕರಣ. ಹೊರಟಾಗ ಕಾರಿನ ಗಡಿಯಾರದಲ್ಲಿ ಎರಡೂಮುಕ್ಕಾಲು ಗಂಟೆ ಕಳೆದಿತ್ತು. ಗಡಿಯಾರ ರಿಪೇರಿಗೆ ಕೊಡಬೇಕು.

ಜೂನ್ 3

ಹೌದು: 412. ಇಲ್ಲ: 418.

ಆರು ಓಟು.

ಜೂನ್ 4

ನೆಲ್ಸ್ ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಬಂದ. ಟೋಪಿ ತೆಗೆದು ಮೇಜಿನ ಮುಂದೆ ನಿಂತ. ನನ್ನನ್ನು ಬೈದುಬಿಡು, ಸಿಟ್ಟು ಮಾಡು, ನಿಮ್ಮಿಂದಲೇ ಹೀಗಾಯಿತು ಅನ್ನು ಎಂದು ನಾನು ಕಾಯುತ್ತಿದ್ದೆ.

"ಆರ್ಡಿತ್, ಒಂದು ವಿಷಯ ನಿಮಗೆ ಗೊತ್ತಿರಲಿ. ನಾನು ಓಟು ಹಾಕಲಿಲ್ಲ."

"ಏನಂದೆ?"

"ನನ್ನ ಸಂಬಳಕ್ಕೆ ನಾನೇ ಓಟು ಹಾಕೋದು ಚೆನ್ನಾಗಿರಲ್ಲ ಅನ್ನಿಸ್ತು. ಕಾರ್ಲಾನೂ ಹಾಕಲಿಲ್ಲ."

"ಎರಡು" ಅಂದೆ. ಎರಡು ಬೆರಳು ಮಡಚಿದೆ.

"ಅಪ್ಪ ಅಮ್ಮ. ಇಬ್ಬರು ತಮ್ಮಂದಿರು, ಅವರ ಹೆಂಡ್ತೀರು. ಸೋದರತ್ತೆ. ಭಾನುವಾರ ಊಟಕ್ಕೆ ಕೂತಾಗ ಎಲ್ಲರೂ ಮಾತಾಡಿಕೊಂಡ್ವಿ. ಓಟಿನ ಕಾಗದ ಹಾಗೇ ಮೇಜಿನ ಡ್ರಾಯರಲ್ಲಿದೆ."

ಒಂಬತ್ತು. ಒಂಬತ್ತು ಜನ ಕ್ವಾಮ್‌ಗಳು ಅಂಚೆಗೆ ಹಾಕಿದ್ದರೆ ನಾವು ಮೂರು ಓಟಿನಿಂದ ಗೆಲ್ಲುತ್ತಿದ್ದೆವು.

"ಯಾರಪ್ಪ ಅಂಥ ಬುದ್ಧಿ ಕೊಟ್ಟೋರು ನಿಮ್ಮ ಮನೆಯೋರಿಗೆ?" ಎಂದು ಕಿರುಚಿದೆ. ವಾಂಡಾ ಕುರ್ಚಿಯಿಂದ ಎದ್ದೇಬಿಟ್ಟಳು.

ನೆಲ್ಸ್ ಟೋಪಿಯ ಅಂಚು ತಿರುಗಿಸಿದ. "ಮೊದಲು ನಾವೆಲ್ಲ ಇದನ್ನ ಕೌಂಟಿ ಓಟು ಅಂದ್ಕೊಂಡಿದ್ವಿ. ಹಾಕೋಣ ಅಂತಲೇ ಇದ್ವಿ. ಆಮೇಲೆ ನೀವು ರೇಡಿಯೊದಲ್ಲಿ ಹೇಳಿದ್ರಲ್ಲ, ಇದು ನಿನ್ನ ಸಂಬಳದ ಓಟು, ಬೇರೆ ಯಾರದ್ದೂ ಅಲ್ಲ ಅಂತ. ಅಮ್ಮ ಆಲೂಗಡ್ಡೆ ಸುಲೀತಾ ಕೇಳಿಸ್ಕೊಂಡ್ರು. ಷೆರೀಫ್ ಹೇಳಿದ್ಮೇಲೆ ಹಾಗೇ ಇರ್ಬೇಕು ಅಂದ್ರು."

ಅವನು ಟೋಪಿ ಹಾಕಿಕೊಂಡು, "ಉತ್ತರದ ರಸ್ತೆಗೆ ದನ ನುಗ್ಗಿವೆಯಂತೆ, ಓಡಿಸಿ ಬರ್ತೀನಿ" ಎಂದು ಹೋದ. ಇನ್ನು ಇಪ್ಪತ್ತಾರು ದಿನಕ್ಕೆ ಕೆಲಸ ಹೋಗುವವನು.

ಜೂನ್ 5

ಇಡೀ ದಿನ ಯಾರನ್ನೂ ಬೈಯಲಿಲ್ಲ. ಬೈಯಲು ಯಾರೂ ಸಿಗಲಿಲ್ಲ, ನನ್ನನ್ನು ಬಿಟ್ಟರೆ.

ಜೂನ್ 8

ಕಮಿಷನರುಗಳ ಸಭೆ. ಮೆರ್ಲ್ ಕನ್ನಡಕ ಇಳಿಸಿ ಓದಿದ: "ಕಾನೂನಿನ ಪ್ರಕಾರ ಷೆರೀಫ್ ಒಬ್ಬರು ಇರಲೇಬೇಕು. ಹಾಗಾಗಿ ಡೆಪ್ಯುಟಿ ಹುದ್ದೆಯನ್ನ..."

"ಸ್ವಲ್ಪ ನಿಲ್ಸು ಮೆರ್ಲ್" ಅಂದೆ. "ಒಬ್ಬರು ಇರ್ಬೇಕು ಅಂತಿದೆ ಸರಿ. ಅದು ನಾನೇ ಆಗಿರ್ಬೇಕು ಅಂತ ಎಲ್ಲಿದೆ?"

ಮೂವರೂ ತಲೆಯೆತ್ತಿದರು. ರಾಜೀನಾಮೆ ಕಾಗದ ಮುಂದಿಟ್ಟೆ. ಜೂನ್ ಮೂವತ್ತಕ್ಕೆ ನಾನು ಹೋಗುತ್ತೇನೆ, ಖಾಲಿಯಾದ ಜಾಗಕ್ಕೆ ಯಾರನ್ನು ಕೂರಿಸಬೇಕೆಂಬುದು ನಿಮ್ಮ ಕೈಯಲ್ಲಿದೆ ಅಂದೆ. ನನಗೆ ಪಿಂಚಣಿ ಬರುತ್ತದೆ. ನೆಲ್ಸ್‌ಗೆ ಮೂರನೆಯ ಮಗು ಬರುತ್ತದೆ. ದೊಡ್ಡ ಅಪಘಾತವಾದರೆ ಕರೆಯಿರಿ, ಸಂಬಳವಿಲ್ಲದೆ ಬಂದು ರಸ್ತೆಯಲ್ಲಿ ನಿಂತು ಗಾಡಿಗಳಿಗೆ ದಾರಿ ತೋರಿಸುತ್ತೇನೆ.

"ನೆಲ್ಸ್ ನನ್ನ ಹೆಂಡತಿಗೆ ಚೀಟಿ ಕೊಟ್ಟಿದ್ದ" ಅಂದ ಮೆರ್ಲ್.

"ಗೊತ್ತು. ನನ್ನ ಕೈಲಿ ಆಗ್ತಿರಲಿಲ್ಲ."

ಮೆರ್ಲ್ ಬಹಳ ಹೊತ್ತು ಕಾಗದ ತಿರುಗಿಸಿ ನೋಡಿದ. ಆಮೇಲೆ ಉಳಿದಿಬ್ಬರ ಮುಖ ನೋಡಿದ, ಮೂರು ಕೈ ಎದ್ದವು.

ಇದರಲ್ಲಿ ತ್ಯಾಗ ಗೀಗ ಏನೂ ಇಲ್ಲ, ಬರೀ ಲೆಕ್ಕ. ವಾಂಡಾ ಮಾತ್ರ ಅತ್ತಳು. ಅವಳು ಹವಾಮಾನ ವರದಿ ಓದುವಾಗಲೂ ಅಳುತ್ತಾಳೆ.

ನೆಲ್ಸ್‌ಗೆ ಹೇಳಿದಾಗ ಕೆಸರು ಕೆರೆಯುವ ಕೈ ನಿಂತಿತು. "ಇದು ಸರಿಯಲ್ಲ" ಅಂದ. ನಾನು ಏನು ಹೇಳಿದರೂ ಅದನ್ನೇ ಹೇಳಿದ. ಕೊನೆಗೆ, "ಮನೇಲಿ ಕೇಳಿ ನಾಳೆ ಹೇಳ್ತೀನಿ" ಎಂದು ಹೋದ.

ಜೂನ್ 9

ಸಂಜೆ ಆರಕ್ಕೆ ಫೋನು. ಹಿಂದೆ ತಟ್ಟೆ, ಚಮಚ, ಮಕ್ಕಳ ಗಲಾಟೆ.

"ಆರ್ಡಿತ್, ಎಲ್ಲರೂ ಕೂತು ಮಾತಾಡಿದ್ವಿ. ನಾನು ಒಪ್ಪಿಕೊಳ್ಬೇಕಾ ಬೇಡ್ವಾ ಅಂತ ಚೀಟಿಲಿ ಬರೆದು ಹಾಕಿದ್ವಿ."

"ಈ ಸಲ ಹಾಕಿದ್ರಾ? ಒಂಬತ್ತು ಜನಾನೂ?"

"ಒಂಬತ್ತು ಜನಾನೂ. ಒಪ್ಕೋ ಅಂತ ಎಂಟು. ಬೇಡ ಅಂತ ಒಂದು."

"ಆ ಒಂದು ಯಾರದ್ದೋ? ಸೋದರತ್ತೇದಾ? ಅವಳಿಗೆ ನಾನು ತೊಂಬತ್ತೆಂಟರಲ್ಲಿ ಚೀಟಿ ಕೊಟ್ಟಿದ್ದೆ."

ಅವನು ಯೋಚಿಸಿದ. ಯಾವಾಗಲೂ ಯೋಚಿಸುವಷ್ಟೇ.

"ನಂದು" ಅಂದ. "ನೀವು ಹೋಗೋದು ನನಗೆ ಇಷ್ಟ ಇಲ್ಲ."

ಹೇಳಬೇಕಾದ್ದು ಬೇಕಾದಷ್ಟಿತ್ತು. ಇವನನ್ನು ಈ ನೋಟ್‌ಬುಕ್ಕಿನಲ್ಲಿ ಎಷ್ಟು ಸಲ ಪೆದ್ದ ಅಂದಿದ್ದೇನೆ ಅನ್ನುವುದರಿಂದಲೇ ಶುರುಮಾಡಬಹುದಿತ್ತು.

"ಸೋತೆ ಕಣೋ ನೀನು" ಅಂದೆ. "ಎಂಟಕ್ಕೆ ಒಂದು. ನಾನು ಆರು ಓಟಿಂದ ಸೋತಿದ್ದೆ, ನಿಂದು ಇನ್ನೂ ಕಡೆ. ನಾಳೆ ಬೆಳಿಗ್ಗೆ ಬೇಗ ಬಾ, ಬೀಗದ ಕೈ ಯಾವ್ಯಾವುದು ಅಂತ ತೋರಿಸ್ತೀನಿ."

ಫೋನಿಟ್ಟ ಮೇಲೆ ಅತ್ತೆ. ಚೆನ್ನಾಗಿಯೇ ಅತ್ತೆ. ಆಮೇಲೆ ಮುಖ ತೊಳೆದು ಬೀಗದ ಕೈಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದಕ್ಕೂ ಹೆಸರು ಬರೆದು ಕಟ್ಟಲು ಕೂತೆ.